ಈಸಿಂಗ್: ಕಂಪ್ಯೂಟರ್ ಆನಿಮೇಷನ್‌ನಲ್ಲಿ ಸಹಜ ಚಲನೆಯನ್ನು ರೂಪಿಸುವ ಬಗೆ

ಎರಡು ಕೀಫ್ರೇಮ್‌ಗಳನ್ನು, ಅಂದರೆ ವಸ್ತು ಯಾವ ಕ್ಷಣದಲ್ಲಿ ಎಲ್ಲಿರಬೇಕು ಎಂದು ಗೊತ್ತುಮಾಡುವ ಫ್ರೇಮ್‌ಗಳನ್ನು, ಇಟ್ಟು ಒಂದು ವಸ್ತುವನ್ನು ಪರದೆಯ ಎಡತುದಿಯಿಂದ ಬಲತುದಿಗೆ ಸಾಗಿಸಿದರೆ ನಡುವಿನ ಫ್ರೇಮ್‌ಗಳನ್ನು ಕಂಪ್ಯೂಟರ್ ತಾನೇ ತುಂಬುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ, ಹಲವು ತಂತ್ರಾಂಶಗಳಲ್ಲಿ ಅದು ಒಟ್ಟು ದೂರವನ್ನು ಫ್ರೇಮ್‌ಗಳ ಸಂಖ್ಯೆಯಿಂದ ಭಾಗಿಸಿ ಪ್ರತಿಯೊಂದಕ್ಕೂ ಸಮಪಾಲು ಹಂಚುತ್ತದೆ. ಹಾಗಾಗಿ ವಸ್ತು ಮೊದಲ ಫ್ರೇಮ್‌ನಲ್ಲೇ ಪೂರ್ಣ ವೇಗದಿಂದ ಹೊರಟು ಕೊನೆಯ ಫ್ರೇಮ್‌ನಲ್ಲಿ ಗಕ್ಕನೆ ನಿಂತುಬಿಡುತ್ತದೆ. ದ್ರವ್ಯರಾಶಿಯುಳ್ಳ ಯಾವ ವಸ್ತುವೂ ನಿಜಜಗತ್ತಿನಲ್ಲಿ ಹೀಗೆ ಚಲಿಸುವುದಿಲ್ಲ. ವೇಗ ಬದಲಾಗಬೇಕಾದರೆ ಬಲ ಬೇಕು, ಬಲ ಕೆಲಸ ಮಾಡಲು ಕಾಲ ಬೇಕು. ನೋಡುಗರು ಭೌತಶಾಸ್ತ್ರ ಓದಿರಲಿ ಬಿಡಲಿ, ಅವರ ಕಣ್ಣಿಗೆ ಈ ನಿಯಮ ಚೆನ್ನಾಗಿ ಪರಿಚಯವಿದೆ, ಆದ್ದರಿಂದಲೇ ಸಮವೇಗದ ಚಲನೆ ಅವರಿಗೆ ಯಾಂತ್ರಿಕವಾಗಿ ಕಾಣುತ್ತದೆ.

ಚಲನೆಯ ಅವಧಿಯುದ್ದಕ್ಕೂ ವೇಗ ಹೇಗೆ ಏರಬೇಕು, ಹೇಗೆ ಇಳಿಯಬೇಕು ಎಂಬುದನ್ನು ನಿರ್ಧರಿಸುವ ಕೆಲಸಕ್ಕೆ ಈಸಿಂಗ್ ಎನ್ನುತ್ತಾರೆ. ಇದು ಕಂಪ್ಯೂಟರಿನೊಂದಿಗೆ ಹುಟ್ಟಿದ ತಂತ್ರವಲ್ಲ. ಕೈಯಿಂದ ಚಿತ್ರ ಬರೆಯುತ್ತಿದ್ದ ಕಲಾವಿದರು ಹಾಳೆಯ ಅಂಚಿನಲ್ಲಿ ಒಂದು ಗೆರೆ ಎಳೆದು, ನಡುವಿನ ಚಿತ್ರಗಳು ಎಲ್ಲಿ ಒತ್ತಾಗಿ ಬರಬೇಕು, ಎಲ್ಲಿ ದೂರದೂರ ಬರಬೇಕು ಎಂದು ಗುರುತು ಹಾಕುತ್ತಿದ್ದರು. ಡಿಸ್ನಿ ಸ್ಟುಡಿಯೊದ ಫ್ರಾಂಕ್ ಥಾಮಸ್ ಮತ್ತು ಒಲ್ಲಿ ಜಾನ್‌ಸ್ಟನ್ 1981ರಲ್ಲಿ ವಿವರಿಸಿದ ಆನಿಮೇಷನ್‌ನ ಹನ್ನೆರಡು ತತ್ವಗಳಲ್ಲಿ ಇದೂ ಒಂದು. 1987ರಲ್ಲಿ ಪಿಕ್ಸರ್ ಸಂಸ್ಥೆಯ ಜಾನ್ ಲ್ಯಾಸೆಟರ್ ಆ ತತ್ವಗಳು ಮೂರು ಆಯಾಮದ ಕಂಪ್ಯೂಟರ್ ಆನಿಮೇಷನ್‌ಗೂ ಹೇಗೆ ಅನ್ವಯಿಸುತ್ತವೆ ಎಂದು ಕಂಪ್ಯೂಟರ್ ಗ್ರಾಫಿಕ್ಸ್‌ನ ಸಿಗ್ರಾಫ್ ಸಮ್ಮೇಳನದಲ್ಲಿ ಮಂಡಿಸಿದರು.

ಈ ಮಾರ್ಗದರ್ಶಿಯ ಉದ್ದಕ್ಕೂ ನಾನು ಒತ್ತಿ ಹೇಳಲಿರುವ ಮಾತು ಒಂದೇ. ಪಟ್ಟಿಯಲ್ಲಿರುವ ಹತ್ತಾರು ಈಸಿಂಗ್‌ಗಳಲ್ಲಿ ಚೆನ್ನಾಗಿ ಕಂಡದ್ದನ್ನು ಆರಿಸಿ ಹಚ್ಚುವುದು ಸರಿಯಾದ ಕ್ರಮವಲ್ಲ. ಈ ವಸ್ತುವನ್ನು ಹೊರಡಿಸಿದ ಬಲ ಯಾವುದು, ನಿಲ್ಲಿಸುವ ಬಲ ಯಾವುದು ಎಂದು ಮೊದಲು ಕೇಳಿಕೊಂಡರೆ, ಕಾಲ ಸರಿದಂತೆ ಸ್ಥಾನ ಹೇಗೆ ಬದಲಾಗುತ್ತದೆ ಎಂದು ಗ್ರಾಫ್‌ನಲ್ಲಿ ತೋರಿಸುವ ವಕ್ರರೇಖೆಯ ಆಕಾರ ಬಹುಮಟ್ಟಿಗೆ ತಾನಾಗಿಯೇ ಗೊತ್ತಾಗುತ್ತದೆ.

ಹಂತ 1: ಚಲನೆಯನ್ನು ಅಂತರಗಳಾಗಿ ನೋಡಲು ಕಲಿಯಿರಿ

ಒಂದು ವಸ್ತು 10 ಫ್ರೇಮ್‌ಗಳಲ್ಲಿ 400 ಪಿಕ್ಸೆಲ್ ಸಾಗಬೇಕು ಎಂದುಕೊಳ್ಳಿ. ಸಮವೇಗದಲ್ಲಿ, ಅಂದರೆ ಲೀನಿಯರ್ ಕ್ರಮದಲ್ಲಿ, ಅದು ಪ್ರತಿ ಫ್ರೇಮ್‌ಗೆ 40 ಪಿಕ್ಸೆಲ್ ಸರಿಯುತ್ತದೆ. ಈಗ ಕಳೆದ ಕಾಲದ ಪಾಲನ್ನು ಕ ಎಂದು ಕರೆಯೋಣ. ಆರಂಭದಲ್ಲಿ ಅದರ ಬೆಲೆ 0, ಕೊನೆಯಲ್ಲಿ 1. ಸ್ಥಾನವನ್ನು ಕ ಬದಲು ಕ² ಇಂದ ಲೆಕ್ಕ ಹಾಕಿದರೆ ವಸ್ತು ಅನುಕ್ರಮವಾಗಿ 4, 16, 36, 64, 100, 144, 196, 256, 324, 400ನೇ ಪಿಕ್ಸೆಲ್‌ಗಳಲ್ಲಿ ನಿಲ್ಲುತ್ತದೆ. ಈ ಸ್ಥಾನಗಳ ನಡುವಿನ ಅಂತರಗಳನ್ನು ಬರೆದು ನೋಡಿ: 4, 12, 20, 28, 36, 44, 52, 60, 68, 76. ಎಲ್ಲವನ್ನೂ 4ರಿಂದ ಭಾಗಿಸಿದರೆ 1, 3, 5, 7, 9 ಎಂಬ ಬೆಸಸಂಖ್ಯೆಗಳ ಸಾಲು ಸಿಗುತ್ತದೆ. ಬೀಳುವ ವಸ್ತು ಸಮಾನ ಕಾಲಾವಧಿಗಳಲ್ಲಿ ಕ್ರಮಿಸುವ ದೂರಗಳು ಇದೇ ಅನುಪಾತದಲ್ಲಿರುತ್ತವೆ ಎಂದು ಗೆಲಿಲಿಯೊ 1638ರಲ್ಲಿ ಪ್ರಕಟವಾದ ಗ್ರಂಥದಲ್ಲಿ ತೋರಿಸಿದ್ದನು. ಅಂದರೆ ಕ² ಎಂಬ ಈ ಸರಳ ಸೂತ್ರ ಬರಿಯ ಅಲಂಕಾರವಲ್ಲ, ಒಂದೇ ಸಮನಾದ ಬಲಕ್ಕೆ ಒಳಗಾದ ವಸ್ತುವಿನ ನಿಜವಾದ ಚಲನೆ.

ಅದೇ ಅಂತರಗಳನ್ನು ಹಿಂದುಮುಂದಾಗಿಸಿ, 76ರಿಂದ ಆರಂಭಿಸಿ 4ಕ್ಕೆ ಮುಗಿಸಿದರೆ ವೇಗವಾಗಿ ಬಂದು ನಿಧಾನವಾಗಿ ನಿಲ್ಲುವ ಚಲನೆ ದೊರೆಯುತ್ತದೆ. ಅದರ ಸೂತ್ರ 1 − (1 − ಕ)². ಮೊದಲನೆಯದು ಈಸ್-ಇನ್, ಎರಡನೆಯದು ಈಸ್-ಔಟ್, ಎರಡೂ ತುದಿಗಳಲ್ಲಿ ನಿಧಾನವಾಗಿರುವುದು ಈಸ್-ಇನ್-ಔಟ್.

ಇಲ್ಲೊಂದು ಎಚ್ಚರಿಕೆ ಅಗತ್ಯ. ಈ ಹೆಸರುಗಳನ್ನು ಎಲ್ಲ ತಂತ್ರಾಂಶಗಳೂ ಒಂದೇ ಅರ್ಥದಲ್ಲಿ ಬಳಸುವುದಿಲ್ಲ. ವೆಬ್‌ಪುಟಗಳ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್ ಭಾಷೆಯಲ್ಲಿ ಈಸ್-ಔಟ್ ಎಂದರೆ ಚಲನೆಯ ಕೊನೆ ನಿಧಾನ. ಆಫ್ಟರ್ ಎಫೆಕ್ಟ್ಸ್ ಎಂಬ ಆನಿಮೇಷನ್ ತಂತ್ರಾಂಶದಲ್ಲಿ ಒಂದು ಕೀಫ್ರೇಮ್‌ಗೆ ಈಸಿ ಈಸ್ ಔಟ್ ಹಚ್ಚಿದರೆ ಆ ಕೀಫ್ರೇಮ್‌ನಿಂದ ಹೊರಡುವಾಗ ನಿಧಾನ, ಅಂದರೆ ಆರಂಭ ನಿಧಾನ. ವಿನ್ಯಾಸಕರು ಒಂದರಲ್ಲಿ ತಯಾರಿಸಿ ಪ್ರೋಗ್ರಾಮರ್‌ಗೆ ಹೆಸರನ್ನಷ್ಟೇ ಹೇಳಿ ಕಳಿಸಿದಾಗ ಚಲನೆ ತಲೆಕೆಳಗಾಗುವುದು ಇದರಿಂದಲೇ. ಹೆಸರಿನ ಬದಲು ವಕ್ರರೇಖೆಯ ಅಂಕಿಗಳನ್ನು ಹಂಚಿಕೊಳ್ಳುವುದು ಸುರಕ್ಷಿತ. ಈ ಬರಹದಲ್ಲಿ ನಾನು ಸಿಎಸ್‌ಎಸ್ ಪದ್ಧತಿಯನ್ನೇ ಅನುಸರಿಸುತ್ತೇನೆ.

ಹಂತ 2: ಬಲವನ್ನು ಗುರುತಿಸಿ

ಗ್ರಾಫ್ ತೆರೆಯುವ ಮೊದಲು ಪ್ರತಿಯೊಂದು ಚಲನೆಗೂ ಎರಡು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ಇದು ಹೇಗೆ ಹೊರಡುತ್ತದೆ? ಇದು ಹೇಗೆ ನಿಲ್ಲುತ್ತದೆ?

ಸುತ್ತಿಗೆಯ ಏಟನ್ನು ತೆಗೆದುಕೊಳ್ಳಿ. ತೋಳಿನ ಸ್ನಾಯುಗಳು ಅದನ್ನು ಕ್ರಮೇಣ ವೇಗಕ್ಕೆ ತರುತ್ತವೆ, ಆದ್ದರಿಂದ ಆರಂಭದಲ್ಲಿ ಈಸಿಂಗ್ ಇದೆ. ಆದರೆ ಅದನ್ನು ನಿಲ್ಲಿಸುವುದು ಗಟ್ಟಿಯಾದ ಮೊಳೆ, ಆದ್ದರಿಂದ ಕೊನೆಯಲ್ಲಿ ಈಸಿಂಗ್ ಕೂಡದು. ಅಲ್ಲಿ ಒಂದೆರಡು ಫ್ರೇಮ್ ಮೃದುಗೊಳಿಸಿದರೂ ಸುತ್ತಿಗೆ ಮೊಳೆಯನ್ನು ಹೊಡೆಯುವುದಿಲ್ಲ, ಸವರುತ್ತದೆ. ನೆಲದ ಮೇಲೆ ತಳ್ಳಿಬಿಟ್ಟ ಪೆಟ್ಟಿಗೆಯದು ಇದಕ್ಕೆ ವಿರುದ್ಧ. ಕೈ ಬಿಟ್ಟ ಕ್ಷಣದಲ್ಲಿ ಅದರ ವೇಗ ಗರಿಷ್ಠ, ಮುಂದೆ ಘರ್ಷಣೆ ಒಂದೇ ಸಮನಾಗಿ ಅದನ್ನು ಹಿಡಿಯುತ್ತ ಹೋಗುತ್ತದೆ, ಹಾಗಾಗಿ 1 − (1 − ಕ)² ಸೂತ್ರದ ಈಸ್-ಔಟ್ ಅದಕ್ಕೆ ಹೊಂದುತ್ತದೆ. ಮನುಷ್ಯನೊಬ್ಬ ತಲೆ ತಿರುಗಿಸುವಾಗ ಹೊರಡಿಸುವುದೂ ನಿಲ್ಲಿಸುವುದೂ ಅವನದೇ ಸ್ನಾಯುಗಳು, ಆದ್ದರಿಂದ ಎರಡೂ ತುದಿಗಳಲ್ಲಿ ಮೃದುತ್ವ ಬೇಕು. ನಿರ್ವಾತದಲ್ಲಿ ತೇಲುವ ನೌಕೆಯ ಮೇಲೆ ಬಲವೇ ಇಲ್ಲ, ಅದಕ್ಕೆ ಲೀನಿಯರ್ ಚಲನೆಯೇ ಸರಿ. ಸ್ಥಿರ ವೇಗದ ಗಾಳಿಯಂತ್ರ, ಗಡಿಯಾರದ ಮುಳ್ಳು, ಚಿತ್ರದೊಳಗೆ ಈಗಾಗಲೇ ಓಡುತ್ತಿರುವ ವಾಹನ ಮುಂತಾದವಕ್ಕೂ ಇದು ಅನ್ವಯಿಸುತ್ತದೆ.

ಎಲ್ಲದಕ್ಕೂ ಒಂದೇ ಈಸ್-ಇನ್-ಔಟ್ ಹಚ್ಚಿದ ಕೆಲಸ ಮೊದಲ ನೋಟಕ್ಕೇ ಗೊತ್ತಾಗುತ್ತದೆ: ಪಾತ್ರಗಳು ನೀರಿನೊಳಗೆ ಇರುವಂತೆ ತೂಕವಿಲ್ಲದೆ ತೇಲುತ್ತವೆ. ಹೊಸಬರ ಕೆಲಸದಲ್ಲಿ ಲೀನಿಯರ್ ಚಲನೆಗಿಂತ ಹೆಚ್ಚಾಗಿ ಕಾಣುವ ದೋಷ ಇದೇ ಎಂಬುದು ನನ್ನ ಅಭಿಪ್ರಾಯ. ಮೃದುತ್ವ ತಾನಾಗಿಯೇ ಸಹಜತೆಯಲ್ಲ.

ಹಂತ 3: ವಕ್ರರೇಖೆಗಿಂತ ಮೊದಲು ಅವಧಿಯನ್ನು ನಿಗದಿ ಮಾಡಿ

ತಪ್ಪಾದ ಅವಧಿಯನ್ನು ಯಾವ ಈಸಿಂಗ್‌ನಿಂದಲೂ ಸರಿಪಡಿಸಲಾಗದು. ಭೌತಿಕ ಚಲನೆಗಳಲ್ಲಿ ಅವಧಿಯನ್ನು ಲೆಕ್ಕದಿಂದಲೇ ಪಡೆಯಬಹುದು. ಬೀಳುವ ವಸ್ತು ತೆಗೆದುಕೊಳ್ಳುವ ಕಾಲ ಎಂದರೆ ಎತ್ತರದ ಎರಡರಷ್ಟನ್ನು 9.8ರಿಂದ ಭಾಗಿಸಿ ತೆಗೆದ ವರ್ಗಮೂಲ. 1 ಮೀಟರ್ ಎತ್ತರದಿಂದ ಬೀಳಲು ಸುಮಾರು 0.45 ಸೆಕೆಂಡ್ ಬೇಕು, ಸೆಕೆಂಡಿಗೆ 24 ಫ್ರೇಮ್‌ಗಳ ಲೆಕ್ಕದಲ್ಲಿ 11 ಫ್ರೇಮ್. ಎತ್ತರ ನಾಲ್ಕುಪಟ್ಟಾದರೆ ಕಾಲ ಎರಡುಪಟ್ಟಾಗುತ್ತದೆ, 4 ಮೀಟರ್ ಬೀಳಲು 0.9 ಸೆಕೆಂಡ್. ಭಾರಿ ಗಾತ್ರದ ವಸ್ತುಗಳು ತೆರೆಯ ಮೇಲೆ ನಿಧಾನವಾಗಿ ಬೀಳುವಂತೆ ಕಾಣುವುದು ಈ ಕಾರಣಕ್ಕೆ. ನೀವು ರಚಿಸಿದ ಗೋಪುರ ಆಟಿಕೆಯಂತೆ ಕಾಣುತ್ತಿದ್ದರೆ ಅದರ ಕುಸಿತದ ಅವಧಿಯನ್ನು ಮೊದಲು ಪರಿಶೀಲಿಸಿ.

ಆ್ಯಪ್ ಮತ್ತು ವೆಬ್‌ಪುಟಗಳ ಚಲನೆಗೆ ಮಾನದಂಡ ಬೇರೆ. ಅಲ್ಲಿ ಬಳಕೆದಾರರು ಚಲನೆ ನೋಡಲು ಬಂದವರಲ್ಲ, ಕೆಲಸಕ್ಕೆ ಬಂದವರು. ಸಾಧಾರಣ ಬದಲಾವಣೆಗಳಿಗೆ 200ರಿಂದ 300 ಮಿಲಿಸೆಕೆಂಡ್ ಸಾಕು. ಒಳಬರುವ ಫಲಕಕ್ಕಿಂತ ಹೊರಹೋಗುವ ಫಲಕಕ್ಕೆ ಸ್ವಲ್ಪ ಕಡಿಮೆ ಕಾಲ ಕೊಡಿ, ಏಕೆಂದರೆ ಅದರ ಮೇಲಿನ ಗಮನ ಆಗಲೇ ಮುಗಿದಿರುತ್ತದೆ.

ಹಂತ 4: ಸೂತ್ರವನ್ನು ಆರಿಸಿ

ಕ² ಇರುವಲ್ಲಿ ಕ³, ಕ⁴, ಕ⁵ ಇಟ್ಟಂತೆ ಚಲನೆಯ ತೀವ್ರತೆ ಹೆಚ್ಚುತ್ತದೆ. ಪ್ರೋಗ್ರಾಮರ್ ರಾಬರ್ಟ್ ಪೆನ್ನರ್, ವೆಬ್ ಆನಿಮೇಷನ್‌ಗೆ ಫ್ಲ್ಯಾಶ್ ತಂತ್ರಾಂಶ ಬಳಕೆಯಲ್ಲಿದ್ದ ಕಾಲದಲ್ಲಿ, ಇಂತಹ ಸೂತ್ರಗಳ ಒಂದು ಕುಟುಂಬವನ್ನೇ ಕ್ರೋಡೀಕರಿಸಿದರು, ಇಂದು ಬಹುತೇಕ ಎಲ್ಲ ಆನಿಮೇಷನ್ ಲೈಬ್ರರಿಗಳಲ್ಲೂ (ಸಿದ್ಧ ಕೋಡ್ ಸಂಗ್ರಹಗಳಲ್ಲೂ) ಕ್ವಾಡ್ (ಕ²), ಕ್ಯೂಬಿಕ್ (ಕ³), ಕ್ವಾರ್ಟ್ (ಕ⁴), ಕ್ವಿಂಟ್ (ಕ⁵), ಸೈನ್, ಎಕ್ಸ್‌ಪೊ, ಬ್ಯಾಕ್, ಎಲಾಸ್ಟಿಕ್, ಬೌನ್ಸ್ ಎಂಬ ಹೆಸರುಗಳು ಸಿಗುವುದು ಅವರಿಂದಾಗಿ. ಗುರಿಯನ್ನು ಸ್ವಲ್ಪ ದಾಟಿ ಮರಳುವ ಬ್ಯಾಕ್ ಸೂತ್ರದಲ್ಲಿ ಕಾಣುವ 1.70158 ಎಂಬ ವಿಚಿತ್ರ ಸಂಖ್ಯೆಯೂ ಅವರದೇ. ಆ ಬೆಲೆ ಇಟ್ಟರೆ ವಸ್ತು ಒಟ್ಟು ದೂರದ 10 ಶೇಕಡಾದಷ್ಟು ಮುಂದೆ ಹೋಗಿ ಹಿಂದಿರುಗುತ್ತದೆ.

ಘಾತ ಹೆಚ್ಚಿಸುವ ಮುನ್ನ ಒಂದು ಲೆಕ್ಕ ನೋಡಿ. 10 ಫ್ರೇಮ್‌ಗಳ ಈಸ್-ಔಟ್‌ನಲ್ಲಿ ಕ್ವಾಡ್ ಸೂತ್ರ ಮೊದಲ ಫ್ರೇಮ್‌ನಲ್ಲೇ 19 ಶೇಕಡಾ ದೂರವನ್ನು ಕ್ರಮಿಸುತ್ತದೆ, ಕ್ಯೂಬಿಕ್ 27 ಶೇಕಡಾ, ಕ್ವಿಂಟ್ 41 ಶೇಕಡಾ. ಕಣ್ಣು ಅಷ್ಟು ದೊಡ್ಡ ಜಿಗಿತವನ್ನು ಚಲನೆ ಎಂದು ಗ್ರಹಿಸುವುದಿಲ್ಲ. ವಸ್ತು ಒಂದೆಡೆ ಮಾಯವಾಗಿ ಇನ್ನೊಂದೆಡೆ ಕಾಣಿಸಿಕೊಂಡಂತೆ ತೋರುತ್ತದೆ. ತೀವ್ರವಾದ ಸೂತ್ರ ಬೇಕೇ ಬೇಕೆಂದಾದರೆ ಅವಧಿಯನ್ನು ಹೆಚ್ಚಿಸಿ, ಇಲ್ಲವೇ ವೇಗದ ಫ್ರೇಮ್‌ಗಳಿಗೆ ಮೋಷನ್ ಬ್ಲರ್, ಅಂದರೆ ಚಲನೆಯ ದಿಕ್ಕಿನಲ್ಲಿ ಮಸುಕು, ಕೊಡಿ.

ಎರಡೂ ತುದಿಗಳಲ್ಲಿ ಮೃದುವಾದ ಚಲನೆಗೆ 3ಕ² − 2ಕ³ ಎಂಬ ಸ್ಮೂತ್‌ಸ್ಟೆಪ್ ಸೂತ್ರ ಒಳ್ಳೆಯ ಆರಂಭ. ಹಂತ 1ರ ಉದಾಹರಣೆಗೆ ಇದನ್ನು ಹಚ್ಚಿದರೆ ಅಂತರಗಳು 11.2, 30.4, 44.8, 54.4, 59.2 ಎಂದು ಏರಿ, ಮತ್ತೆ ಅದೇ ಕ್ರಮದಲ್ಲಿ ಇಳಿಯುತ್ತವೆ. ನಡುವಿನ ಗರಿಷ್ಠ ವೇಗ ಸರಾಸರಿ ವೇಗದ ಒಂದೂವರೆ ಪಟ್ಟು. ತುದಿಗಳಲ್ಲಿ ವೇಗ ಸೊನ್ನೆಯಾದರೂ ವೇಗೋತ್ಕರ್ಷ ಮಾತ್ರ ಥಟ್ಟನೆ ಆರಂಭವಾಗುವುದು ಇದರ ಮಿತಿ. ಕ್ಯಾಮೆರಾದ ನಿಧಾನ ಚಲನೆಯಂತಹ ಸೂಕ್ಷ್ಮ ಸಂದರ್ಭಗಳಲ್ಲಿ ಇದು ಸಣ್ಣ ಎಳೆತದಂತೆ ಕಂಡರೆ, ಗ್ರಾಫಿಕ್ಸ್ ವಿಜ್ಞಾನಿ ಕೆನ್ ಪರ್ಲಿನ್, ಸಹಜವೆನಿಸುವ ಅಡ್ಡಾದಿಡ್ಡಿ ವಿನ್ಯಾಸಗಳನ್ನು ಹುಟ್ಟಿಸುವ ತಮ್ಮ ನಾಯ್ಸ್ ಸೂತ್ರವನ್ನು 2002ರಲ್ಲಿ ಪರಿಷ್ಕರಿಸುವಾಗ ಬಳಸಿದ 6ಕ⁵ − 15ಕ⁴ + 10ಕ³ ಅನ್ನು ಬಳಸಬಹುದು. ಅದರಲ್ಲಿ ವೇಗೋತ್ಕರ್ಷವೂ ತುದಿಗಳಲ್ಲಿ ಸೊನ್ನೆ. ಆದರೆ ಆ ಮೃದುತ್ವದ ಬೆಲೆಯಾಗಿ ನಡುವಿನ ವೇಗ ಸರಾಸರಿಯ 1.875 ಪಟ್ಟಿಗೆ ಏರುತ್ತದೆ.

ವೆಬ್ ಕೆಲಸದಲ್ಲಿ ನಿಮಗೆ ಸಿಗುವುದು ಬೆಜಿಯರ್ ವಕ್ರರೇಖೆ. ರೆನೊ ಕಾರು ಕಂಪನಿಯ ಎಂಜಿನಿಯರ್ ಪಿಯೆರ್ ಬೆಜಿಯರ್ ಅವರ ಹೆಸರು ಹೊತ್ತ ಈ ರೇಖೆಗೆ ನಾಲ್ಕು ಅಂಕಿಗಳನ್ನು ಕೊಡಬೇಕು: ರೇಖೆಯನ್ನು ಬಾಗಿಸುವ ಎರಡು ಹ್ಯಾಂಡಲ್‌ಗಳ (ಹಿಡಿಗಳ) ಕಾಲ ಮತ್ತು ಪ್ರಗತಿ (ಕ್ರಮಿಸಿದ ದೂರದ ಪಾಲು). ಸಿಎಸ್‌ಎಸ್‌ನ ಈಸ್-ಇನ್ ಎಂದರೆ 0.42, 0, 1, 1. ಈಸ್-ಔಟ್ ಎಂದರೆ 0, 0, 0.58, 1, ಏನನ್ನೂ ಹೇಳದಿದ್ದಾಗ ಬಳಕೆಯಾಗುವ ಈಸ್ ಎಂದರೆ 0.25, 0.1, 0.25, 1. ಕಾಲದ ಅಂಕಿಗಳು 0 ಮತ್ತು 1ರ ನಡುವೆಯೇ ಇರಬೇಕು, ಏಕೆಂದರೆ ಕಾಲ ಹಿಂದಕ್ಕೆ ಹರಿಯುವಂತಿಲ್ಲ. ಪ್ರಗತಿಯ ಅಂಕಿಗಳು ಆ ಮಿತಿಯನ್ನು ದಾಟಬಹುದು, ಹಾಗೆ ದಾಟಿಸಿಯೇ ಗುರಿ ಮೀರಿ ಮರಳುವ ಚಲನೆಯನ್ನು ಪಡೆಯುತ್ತೇವೆ. ಗೂಗಲ್‌ನ ಮೆಟೀರಿಯಲ್ ಡಿಸೈನ್ ಪದ್ಧತಿ ಒಳಬರುವ ಅಂಶಗಳಿಗೆ 0, 0, 0.2, 1 ಮತ್ತು ಹೊರಹೋಗುವ ಅಂಶಗಳಿಗೆ 0.4, 0, 1, 1 ಎಂಬ ರೇಖೆಗಳನ್ನು ಸೂಚಿಸಿತ್ತು; ಒಳಬರುವುದು ವೇಗದಲ್ಲಿ ಬಂದು ನೆಲೆಗೊಳ್ಳಬೇಕು, ಹೊರಹೋಗುವುದು ವೇಗ ಪಡೆಯುತ್ತ ಕಣ್ಮರೆಯಾಗಬೇಕು ಎಂಬುದು ಅದರ ತರ್ಕ. ಗುಂಡಿ ಒತ್ತಿದ ಕೂಡಲೇ ಕಾಣಬೇಕಾದ ಪ್ರತಿಕ್ರಿಯೆಗೆ ಈಸ್-ಇನ್ ಬಳಸದಿರಿ. ಮೊದಲ ಕೆಲವು ಫ್ರೇಮ್‌ಗಳಲ್ಲಿ ಏನೂ ಆಗದಂತೆ ಕಂಡು ಇಡೀ ಆ್ಯಪ್ ಮಂದವಾಗಿದೆ ಎನಿಸುತ್ತದೆ.

ಈ ರೇಖೆಯನ್ನು ಸ್ವತಃ ಕೋಡ್‌ನಲ್ಲಿ ಬರೆಯುವವರು ಗಮನಿಸಬೇಕಾದ ಅಂಶವೊಂದಿದೆ. ಬೆಜಿಯರ್‌ನ ಒಳಗಿನ ಚರಾಂಕ ಕಾಲವಲ್ಲ. ಕಳೆದ ಕಾಲವನ್ನು ನೇರವಾಗಿ ಅದಕ್ಕೆ ತುಂಬಿದರೆ ತಪ್ಪಾದ ಆಕಾರ ಬರುತ್ತದೆ. ಕಾಲದ ಸಮೀಕರಣವನ್ನು ನ್ಯೂಟನ್ ವಿಧಾನದಿಂದ, ಅಂದರೆ ಒಂದು ಊಹೆಯನ್ನು ಇಳಿಜಾರಿನ ನೆರವಿನಿಂದ ಹಂತಹಂತವಾಗಿ ತಿದ್ದುತ್ತ, ಬಿಡಿಸಿ ಮೊದಲು ಆ ಚರಾಂಕವನ್ನು ಕಂಡುಹಿಡಿದು, ಅನಂತರವೇ ಅದರಿಂದ ಪ್ರಗತಿಯನ್ನು ಲೆಕ್ಕ ಹಾಕಬೇಕು. ನ್ಯೂಟನ್ ವಿಧಾನ ಎಡವುವ ಸಮತಟ್ಟಾದ ಜಾಗಗಳಲ್ಲಿ ವ್ಯಾಪ್ತಿಯನ್ನು ಅರ್ಧರ್ಧ ಮಾಡುತ್ತ ಹುಡುಕುವ ವಿಧಾನಕ್ಕೆ ಬದಲಾಗಬೇಕು.

ಹಂತ 5: ಗ್ರಾಫ್‌ನಲ್ಲಿ ಕೈಯಾರೆ ತಿದ್ದಿ

ಬ್ಲೆಂಡರ್ ಎಂಬ ಮೂರು ಆಯಾಮದ ಆನಿಮೇಷನ್ ತಂತ್ರಾಂಶದಲ್ಲಿ ಹೊಸ ಕೀಫ್ರೇಮ್‌ಗಳು ಪೂರ್ವನಿಯೋಜಿತವಾಗಿ ಬೆಜಿಯರ್ ಆಗಿರುತ್ತವೆ, ಆಫ್ಟರ್ ಎಫೆಕ್ಟ್ಸ್‌ನಲ್ಲಿ ಲೀನಿಯರ್ ಆಗಿರುತ್ತವೆ. ಬ್ಲೆಂಡರ್‌ನ ಗ್ರಾಫ್ ಎಡಿಟರ್‌ನಲ್ಲಿ ಟಿ ಕೀಲಿಯಿಂದ ಸೂತ್ರದ ಬಗೆಯನ್ನು, ಕಂಟ್ರೋಲ್ ಮತ್ತು ಇ ಕೀಲಿಗಳಿಂದ ಅದು ಯಾವ ತುದಿಗೆ ಅನ್ವಯಿಸಬೇಕೆಂಬುದನ್ನು, ವಿ ಕೀಲಿಯಿಂದ ಹ್ಯಾಂಡಲ್‌ನ ಬಗೆಯನ್ನು ಬದಲಿಸಬಹುದು. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಕೀಫ್ರೇಮ್‌ಗಳನ್ನು ಆರಿಸಿ ಎಫ್9 ಒತ್ತಿದರೆ ಈಸಿ ಈಸ್ ಅನ್ವಯವಾಗುತ್ತದೆ: ಕೀಫ್ರೇಮ್‌ನಲ್ಲಿ ವೇಗ ಸೊನ್ನೆ, ಪ್ರಭಾವ (ಹ್ಯಾಂಡಲ್‌ನ ಉದ್ದ) 33.33 ಶೇಕಡಾ. ಎರಡೂ ಬದಿಯಲ್ಲಿ ಪ್ರಭಾವ ಮೂರನೇ ಒಂದರಷ್ಟಿದ್ದಾಗ ಬೆಜಿಯರ್ ರೇಖೆ ಮೇಲೆ ಹೇಳಿದ ಸ್ಮೂತ್‌ಸ್ಟೆಪ್ ಸೂತ್ರವೇ ಆಗಿಬಿಡುತ್ತದೆ. ಅಂದರೆ ಎಫ್9 ಒಂದು ಆರಂಭಬಿಂದು ಮಾತ್ರ. ಅಲ್ಲಿಂದ ಮುಂದೆ ಎರಡು ತುದಿಗಳ ಪ್ರಭಾವವನ್ನು ಬೇರೆಬೇರೆಯಾಗಿ ಬದಲಿಸಿ. ಆರಂಭದಲ್ಲಿ 20, ಕೊನೆಯಲ್ಲಿ 80 ಶೇಕಡಾ ಇಟ್ಟರೆ ಚಲನೆ ಚುರುಕಾಗಿ ಹೊರಟು ನಿಧಾನವಾಗಿ ನೆಲೆಗೊಳ್ಳುತ್ತದೆ.

ಗ್ರಾಫ್ ಓದುವಾಗ ಒಂದು ವಿಷಯ ಸದಾ ನೆನಪಿರಲಿ. ಸ್ಥಾನದ ಗ್ರಾಫ್‌ನಲ್ಲಿ ವೇಗವೆಂದರೆ ರೇಖೆಯ ಇಳಿಜಾರು. ರೇಖೆ ಸಮತಟ್ಟಾದಲ್ಲಿ ವಸ್ತು ನಿಂತಿದೆ, ಕಡಿದಾದಲ್ಲಿ ಓಡುತ್ತಿದೆ, ಚೂಪಾಗಿ ಮುರಿದಲ್ಲಿ ಯಾವುದಕ್ಕೋ ಬಡಿದಿದೆ.

ಪುಟಿಯುವ ಚೆಂಡು: ಎಲ್ಲವನ್ನೂ ಒಟ್ಟಿಗೆ ಕಲಿಸುವ ಅಭ್ಯಾಸ

ಇಷ್ಟು ಓದಿದ ಮೇಲೆ ಒಂದು ಚೆಂಡನ್ನು ಪುಟಿಸಿ ನೋಡದೆ ಮುಂದೆ ಹೋಗದಿರಿ. 1 ಮೀಟರ್ ಎತ್ತರದಿಂದ ಚೆಂಡನ್ನು ಬಿಡಿ. ಪ್ರತಿ ಪುಟಿತದಲ್ಲೂ ಅದು ಹಿಂದಿನ ಎತ್ತರದ 64 ಶೇಕಡಾದಷ್ಟು ಏರುತ್ತದೆ ಎಂದುಕೊಳ್ಳೋಣ. ಕಾಲವು ಎತ್ತರದ ವರ್ಗಮೂಲವನ್ನು ಅನುಸರಿಸುವುದರಿಂದ, ಪ್ರತಿ ಬಾರಿಯೂ ಕಾಲ ಹಿಂದಿನದರ 80 ಶೇಕಡಾ ಆಗುತ್ತದೆ. ಸೆಕೆಂಡಿಗೆ 24 ಫ್ರೇಮ್‌ಗಳಲ್ಲಿ ಮೊದಲ ಬೀಳುವಿಕೆಗೆ 11 ಫ್ರೇಮ್, ಮುಂದಿನ ಪುಟಿತದಲ್ಲಿ ಏರಲು 9, ಇಳಿಯಲು 9, ಅದರ ಮುಂದಿನದಕ್ಕೆ ಏರಲು 7, ಇಳಿಯಲು 7. ಎತ್ತರದ ಕೀಫ್ರೇಮ್‌ಗಳನ್ನು ಈ ಫ್ರೇಮ್‌ಗಳಲ್ಲಿ ಇಡಿ. ಎತ್ತರ ಕಡಿಮೆ ಮಾಡಿ ಕಾಲವನ್ನು ಮಾತ್ರ ಹಾಗೆಯೇ ಉಳಿಸುವುದು ಇಲ್ಲಿ ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ಚೆಂಡು ಕೊನೆಕೊನೆಗೆ ಚಂದ್ರನ ಮೇಲಿರುವಂತೆ ವರ್ತಿಸುತ್ತದೆ.

ಈಗ ಹ್ಯಾಂಡಲ್‌ಗಳು. ಶಿಖರದಲ್ಲಿ ಚೆಂಡಿನ ವೇಗ ಕ್ರಮೇಣ ಸೊನ್ನೆಯಾಗಿ ದಿಕ್ಕು ಬದಲಾಗುತ್ತದೆ, ಆದ್ದರಿಂದ ಅಲ್ಲಿ ರೇಖೆ ಸಮತಟ್ಟಾಗಿ ದುಂಡಗಿರಬೇಕು. ನೆಲ ತಾಗುವ ಬಿಂದುವಿನಲ್ಲಿ ಹ್ಯಾಂಡಲ್‌ಗಳ ಎರಡು ಬದಿಗಳನ್ನು ಬೇರ್ಪಡಿಸಿ ರೇಖೆಯನ್ನು ಚೂಪಾಗಿ ಮುರಿಯಬೇಕು. ಬ್ಲೆಂಡರ್‌ನಲ್ಲಿ ವಿ ಒತ್ತಿ ಫ್ರೀ ಎಂಬುದನ್ನು ಆರಿಸಿದರೆ ಇದು ಸಾಧ್ಯ. ಅಡ್ಡದಿಕ್ಕಿನ ಚಲನೆಗೆ ಈಸಿಂಗ್ ಬೇಡ. ಗುರುತ್ವ ಕೆಳಮುಖವಾಗಿ ಮಾತ್ರ ಎಳೆಯುತ್ತದೆ, ಅಡ್ಡಕ್ಕೆ ಗಾಳಿಯ ಅಲ್ಪ ತಡೆ ಬಿಟ್ಟರೆ ಬೇರೆ ಬಲವಿಲ್ಲ, ಹಾಗಾಗಿ ಅಲ್ಲಿ ಲೀನಿಯರ್ ರೇಖೆಯೇ ತಕ್ಕದ್ದು. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಇದಕ್ಕಾಗಿ ಸ್ಥಾನದ ಎರಡು ಆಯಾಮಗಳನ್ನು ಮೊದಲು ಬೇರ್ಪಡಿಸಿಕೊಳ್ಳಬೇಕಾಗುತ್ತದೆ. ಒಂದೇ ವಸ್ತುವಿನ ಒಂದು ಆಯಾಮದಲ್ಲಿ ಮೃದುತ್ವ, ಚೂಪು ಎರಡೂ ಇದ್ದು, ಇನ್ನೊಂದರಲ್ಲಿ ಸಮವೇಗ ಇರುವುದನ್ನು ಈ ಅಭ್ಯಾಸ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ.

ಹಂತ 6: ನಡುವಿನ ಕೀಫ್ರೇಮ್‌ಗಳಲ್ಲಿ ಚಲನೆ ನಿಲ್ಲದಂತೆ ನೋಡಿಕೊಳ್ಳಿ

ಕೈಯೊಂದು ಮೇಜಿನಿಂದ ಎದ್ದು, ಎದೆಯ ಮಟ್ಟದಲ್ಲಿ ಹಾದು, ಕಪಾಟಿನ ಮೇಲಿನ ಪುಸ್ತಕವನ್ನು ಮುಟ್ಟಬೇಕು ಎಂದಿಟ್ಟುಕೊಳ್ಳಿ. ಮೂರು ಕೀಫ್ರೇಮ್‌ಗಳನ್ನು ಇಟ್ಟು ಮೂರಕ್ಕೂ ಈಸಿ ಈಸ್ ಹಚ್ಚಿದರೆ ಕೈ ಎದೆಯ ಮಟ್ಟದಲ್ಲಿ ಒಮ್ಮೆ ನಿಂತು ಮತ್ತೆ ಹೊರಡುತ್ತದೆ. ಪಾತ್ರ ಎರಡು ಆಜ್ಞೆಗಳನ್ನು ಒಂದಾದ ಮೇಲೊಂದು ಪಾಲಿಸಿದಂತೆ ಕಾಣುತ್ತದೆ, ಒಂದು ಉದ್ದೇಶದಿಂದ ಕೈ ಚಾಚಿದಂತಲ್ಲ. ನಡುವಿನ ಕೀಫ್ರೇಮ್ ಹಾದುಹೋಗುವ ಬಿಂದು. ಅಲ್ಲಿ ಬರುವ ಇಳಿಜಾರೂ ಹೋಗುವ ಇಳಿಜಾರೂ ಒಂದೇ ಆಗಿರಬೇಕು. ದಿಕ್ಕು ಬದಲಾಗುವ ತುದಿಬಿಂದುಗಳಲ್ಲಿ ಮಾತ್ರ ರೇಖೆಯನ್ನು ಸಮತಟ್ಟಾಗಿಸಿ. ಸ್ವಯಂಚಾಲಿತ ಹ್ಯಾಂಡಲ್‌ಗಳು ಈ ಕೆಲಸದಲ್ಲಿ ನೆರವಾದರೂ, ಎರಡು ಸಮಾನ ಬೆಲೆಯ ಕೀಫ್ರೇಮ್‌ಗಳ ನಡುವೆ ರೇಖೆ ಉಬ್ಬಿ, ನಿಂತಿರಬೇಕಾದ ಪಾದ ನೆಲದ ಮೇಲೆ ಜಾರುವುದುಂಟು. ಬ್ಲೆಂಡರ್‌ನ ಆಟೋ ಕ್ಲ್ಯಾಂಪ್ಡ್ ಬಗೆಯ ಹ್ಯಾಂಡಲ್ ಇರುವುದು ಇದನ್ನು ತಡೆಯಲಿಕ್ಕೇ.

ಪಾತ್ರದ ಅಂಗಗಳೆಲ್ಲ ಒಂದೇ ಫ್ರೇಮ್‌ನಲ್ಲಿ ಹೊರಟು ಒಂದೇ ಫ್ರೇಮ್‌ನಲ್ಲಿ ನಿಲ್ಲುವುದೂ ಇದೇ ಜಾತಿಯ ದೋಷ. ಬಲವು ಭುಜದಲ್ಲಿ ಹುಟ್ಟಿ ಮೊಣಕೈಗೆ, ಅಲ್ಲಿಂದ ಮಣಿಕಟ್ಟಿಗೆ, ಕೊನೆಗೆ ಬೆರಳುಗಳಿಗೆ ತಲುಪುತ್ತದೆ. ಪ್ರತಿ ಕೀಲಿನ ರೇಖೆಯನ್ನು ಹಿಂದಿನದಕ್ಕಿಂತ ಎರಡು ಮೂರು ಫ್ರೇಮ್ ತಡವಾಗಿ ಸರಿಸಿದರೆ, ವಕ್ರರೇಖೆಯ ಆಕಾರವನ್ನು ಕಿಂಚಿತ್ತೂ ಬದಲಿಸದೆಯೇ ತೋಳಿಗೆ ತೂಕ ಬರುತ್ತದೆ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ದೊಡ್ಡ ಫಲ ಕೊಡುವ ತಿದ್ದುಪಡಿ ಇನ್ನೊಂದನ್ನು ನಾನು ಕಾಣೆ.

ಹಂತ 7: ತಿರುಗುವಿಕೆ, ಗಾತ್ರ ಮತ್ತು ಪಥ

ಸ್ಥಾನಕ್ಕೆ ಒಪ್ಪುವ ಲೆಕ್ಕ ಎಲ್ಲ ಗುಣಗಳಿಗೂ ಒಪ್ಪುವುದಿಲ್ಲ. ವಸ್ತುವನ್ನು 350 ಡಿಗ್ರಿಯಿಂದ 10 ಡಿಗ್ರಿಗೆ ತಿರುಗಿಸಬೇಕಾದಾಗ ಅಂಕಿಗಳ ನಡುವೆ ನೇರವಾಗಿ ಸಾಗಿದರೆ ಅದು 20 ಡಿಗ್ರಿಯ ಬದಲು 340 ಡಿಗ್ರಿ ಹಿಮ್ಮುಖವಾಗಿ ಸುತ್ತುತ್ತದೆ, ಆದ್ದರಿಂದ ವ್ಯತ್ಯಾಸವನ್ನು ಮೊದಲು −180 ಮತ್ತು 180ರ ನಡುವೆ ತರಬೇಕು. ಮೂರು ಆಯಾಮದ ತಿರುಗುವಿಕೆಗೆ ಕ್ವಾಟರ್ನಿಯನ್‌ಗಳನ್ನು (ತಿರುಗುವಿಕೆಯನ್ನು ಸೂಚಿಸುವ ನಾಲ್ಕು ಅಂಕಿಗಳ ಗುಂಪುಗಳನ್ನು) ಬಳಸಿ, ಕೆನ್ ಶೂಮೇಕ್ 1985ರಲ್ಲಿ ಪರಿಚಯಿಸಿದ, ಅವುಗಳ ನಡುವೆ ಸಮವಾಗಿ ಸಾಗುವ ಸ್ಲರ್ಪ್ ವಿಧಾನಕ್ಕೆ ಈಸಿಂಗ್‌ನಿಂದ ಬಂದ ಪ್ರಗತಿಯನ್ನು ಕೊಡಿ.

ಗಾತ್ರವನ್ನು ಕಣ್ಣು ಅನುಪಾತವಾಗಿ ಗ್ರಹಿಸುತ್ತದೆ. ಕ್ಯಾಮೆರಾದ ಜೂಮ್ ಅನ್ನು 1 ಪಟ್ಟಿನಿಂದ 16 ಪಟ್ಟಿಗೆ ಸಮವಾಗಿ ಹಿಗ್ಗಿಸಿದರೆ ಮೊದಲ ದ್ವಿಗುಣವು ಒಟ್ಟು ಅವಧಿಯ ಹದಿನೈದನೇ ಒಂದು ಭಾಗದಲ್ಲೇ ಮುಗಿದು, ಕೊನೆಯ ದ್ವಿಗುಣಕ್ಕೆ ಅರ್ಧಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಬೆಲೆಯ ಬದಲು ಅದರ ಲಾಗರಿದಮ್‌ಗೆ ಈಸಿಂಗ್ ಹಚ್ಚಿದರೆ ನಡುಹಾದಿಯಲ್ಲಿ 4 ಪಟ್ಟು ಬರುತ್ತದೆ, ಹಿಗ್ಗುವಿಕೆ ಒಂದೇ ಸಮನಾಗಿ ಕಾಣುತ್ತದೆ.

ವಕ್ರಪಥದ ಮೇಲೆ ವಸ್ತುವನ್ನು ಓಡಿಸುವಾಗ ಪಥದ ಚರಾಂಕ ಸಮವಾಗಿ ಏರಿದರೂ ಕ್ರಮಿಸಿದ ದೂರ ಸಮವಾಗಿ ಏರುವುದಿಲ್ಲ. ನಿಯಂತ್ರಣ ಬಿಂದುಗಳು ಒತ್ತಾಗಿರುವಲ್ಲಿ ವಸ್ತು ನಿಧಾನಿಸುತ್ತದೆ. ಪಥವನ್ನು ಸಣ್ಣ ತುಂಡುಗಳಾಗಿ ಅಳೆದು ಉದ್ದದ ಕೋಷ್ಟಕವೊಂದನ್ನು ಮಾಡಿಕೊಂಡು, ಈಸಿಂಗ್‌ನ ಫಲಿತಾಂಶವನ್ನು ಮೊದಲು ಉದ್ದಕ್ಕೂ ಉದ್ದದಿಂದ ಚರಾಂಕಕ್ಕೂ ಪರಿವರ್ತಿಸಿ.

ಹಂತ 8: ಬಳಕೆದಾರರು ಮಧ್ಯೆ ಬಂದಾಗ

ಆಟಗಳಲ್ಲೂ ಆ್ಯಪ್‌ಗಳಲ್ಲೂ ಚಲನೆಯ ಗುರಿ ಅರ್ಧದಾರಿಯಲ್ಲಿ ಬದಲಾಗಬಹುದು. ನಿಗದಿತ ಅವಧಿಯ ಈಸಿಂಗ್‌ಗೆ ವಸ್ತುವಿನ ಸದ್ಯದ ವೇಗ ತಿಳಿದಿರುವುದಿಲ್ಲ. ಹೊಸ ಗುರಿಯತ್ತ ಮತ್ತೆ ಆರಂಭಿಸಿದಾಗ ವೇಗ ಥಟ್ಟನೆ ಮುರಿಯುತ್ತದೆ. ಅನೇಕರು ಇದಕ್ಕೆ ಪರಿಹಾರವಾಗಿ, ಉಳಿದ ದೂರದ 10 ಶೇಕಡಾವನ್ನು ಪ್ರತಿ ಫ್ರೇಮ್‌ನಲ್ಲೂ ಕ್ರಮಿಸು ಎಂದು ಬರೆಯುತ್ತಾರೆ. ಅದು ಫ್ರೇಮ್‌ಗಳ ವೇಗವನ್ನು ಅವಲಂಬಿಸಿಬಿಡುತ್ತದೆ: ಸೆಕೆಂಡಿಗೆ 60 ಫ್ರೇಮ್ ಇರುವ ಸಾಧನದಲ್ಲಿ ಒಂದು ಸೆಕೆಂಡಿನ ನಂತರ 0.2 ಶೇಕಡಾದಷ್ಟು ದೂರ ಉಳಿದರೆ, 30 ಫ್ರೇಮ್ ಇರುವಲ್ಲಿ 4 ಶೇಕಡಾಕ್ಕಿಂತ ಹೆಚ್ಚು ಉಳಿಯುತ್ತದೆ. ಉಳಿಯಬೇಕಾದ ಪಾಲನ್ನು 0.9ರ ಘಾತವಾಗಿ ಬರೆದು, ಕಳೆದ ಸೆಕೆಂಡುಗಳನ್ನು 60ರಿಂದ ಗುಣಿಸಿ ಆ ಘಾತಾಂಕವಾಗಿ ಇಟ್ಟರೆ ಎಲ್ಲ ಸಾಧನಗಳಲ್ಲೂ ಒಂದೇ ಚಲನೆ ಸಿಗುತ್ತದೆ.

ಇದಕ್ಕಿಂತ ಉತ್ತಮವಾದದ್ದು ಸ್ಪ್ರಿಂಗ್ ಮಾದರಿ. ಪ್ರತಿ ಫ್ರೇಮ್‌ನಲ್ಲೂ ಗುರಿಯಿಂದ ಇರುವ ದೂರವನ್ನು ಬಿಗುವಿನಿಂದಲೂ, ಸದ್ಯದ ವೇಗವನ್ನು ತಡೆಯ ಪ್ರಮಾಣದಿಂದಲೂ ಗುಣಿಸಿ, ಎರಡನ್ನೂ ವಿರುದ್ಧ ದಿಕ್ಕಿನ ಬಲಗಳಾಗಿ ತೆಗೆದುಕೊಂಡು ಮೊದಲು ವೇಗವನ್ನು, ಆ ಹೊಸ ವೇಗದಿಂದ ಸ್ಥಾನವನ್ನು ಬದಲಿಸಿ. ದ್ರವ್ಯರಾಶಿ 1, ಬಿಗುವು 100 ಇದ್ದಾಗ ತಡೆ 20 ಇಟ್ಟರೆ ವಸ್ತು ಗುರಿಯನ್ನು ದಾಟದೆ ಆದಷ್ಟು ಬೇಗ ನೆಲೆಗೊಳ್ಳುತ್ತದೆ. ಬಿಗುವು ಮತ್ತು ದ್ರವ್ಯರಾಶಿಗಳ ಗುಣಲಬ್ಧದ ವರ್ಗಮೂಲದ ಎರಡರಷ್ಟು ಎಂಬುದು ಆ ಗಡಿಬೆಲೆಯ ಲೆಕ್ಕ. ತಡೆಯನ್ನು 10ಕ್ಕೆ ಇಳಿಸಿದರೆ ಸುಮಾರು 16 ಶೇಕಡಾ ಮುಂದೆ ಹೋಗಿ ಓಲಾಡಿ ನಿಲ್ಲುತ್ತದೆ. ಗುರಿ ಬದಲಾದರೂ ವೇಗ ಅಖಂಡವಾಗಿ ಉಳಿಯುವುದರಿಂದ ಬೆರಳಿನಿಂದ ಎಳೆದುಬಿಡುವ ಫಲಕಗಳಿಗೆ ಇದನ್ನೇ ಬಳಸಬೇಕೆಂದು ನಾನು ಸಲಹೆ ಮಾಡುತ್ತೇನೆ. ಆ್ಯಪ್ ಕೆಲಕಾಲ ನಿಷ್ಕ್ರಿಯವಾಗಿದ್ದು ಮರಳಿದಾಗ ಫ್ರೇಮ್‌ಗಳ ನಡುವಿನ ಕಾಲ ದೊಡ್ಡದಾಗಿ ಲೆಕ್ಕ ಸಿಡಿಯದಂತೆ ಆ ಕಾಲಕ್ಕೊಂದು ಮೇಲ್ಮಿತಿ ಇಡುವುದನ್ನು ಮರೆಯಬೇಡಿ.

ಹಂತ 9: ಪರಿಶೀಲನೆ

ನಿಜವಾದ ವೇಗದಲ್ಲೇ ನೋಡಿ ತೀರ್ಮಾನಿಸಿ. ಎಡಿಟರ್‌ನ ಪ್ರದರ್ಶನ ಫ್ರೇಮ್‌ಗಳನ್ನು ಬಿಟ್ಟು ಓಡುತ್ತಿದ್ದರೆ ರೆಂಡರ್ ಮಾಡಿಯೇ (ಪೂರ್ಣ ವಿಡಿಯೊವಾಗಿ ಹೊರತಂದೇ) ನೋಡಬೇಕು. ಬ್ಲೆಂಡರ್‌ನ ಮೋಷನ್ ಪಾತ್ ಸೌಲಭ್ಯ ಪ್ರತಿ ಫ್ರೇಮ್‌ಗೂ ಪಥದ ಮೇಲೆ ಒಂದು ಚುಕ್ಕೆ ಇಡುತ್ತದೆ. ಆ ಚುಕ್ಕೆಗಳ ಅಂತರ ಕ್ರಮವಾಗಿ ಹಿಗ್ಗಿ ಕುಗ್ಗುತ್ತಿದೆಯೇ, ಎಲ್ಲಾದರೂ ಕಾರಣವಿಲ್ಲದೆ ಎರಡು ಚುಕ್ಕೆಗಳು ಒತ್ತಾಗಿವೆಯೇ ಎಂದು ಪರೀಕ್ಷಿಸಿ. ವೆಬ್‌ಪುಟದಲ್ಲಿ ರೇಖೆ ಸರಿಯಿದ್ದೂ ಚಲನೆ ತೊಡರುತ್ತಿದ್ದರೆ ದೋಷ ಈಸಿಂಗ್‌ನದಲ್ಲ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್ ಮಾತ್ರ. ಅಗಲ, ಎತ್ತರ, ಅಂಚುಗಳನ್ನು ಬದಲಿಸಿದಾಗ ಬ್ರೌಸರ್ ಇಡೀ ಪುಟದ ವಿನ್ಯಾಸವನ್ನು ಮತ್ತೆ ಲೆಕ್ಕ ಹಾಕಬೇಕಾಗುವುದರಿಂದ, ಟ್ರಾನ್ಸ್‌ಫಾರ್ಮ್ (ಸ್ಥಾನ, ಗಾತ್ರ, ತಿರುಗುವಿಕೆ) ಮತ್ತು ಒಪಾಸಿಟಿ (ಪಾರದರ್ಶಕತೆ) ಗುಣಗಳನ್ನಷ್ಟೇ ಚಲಿಸುವಂತೆ ಮಾಡಿ.

ಕೆಲವರಿಗೆ ಪರದೆಯ ಮೇಲಿನ ದೊಡ್ಡ ಚಲನೆಗಳಿಂದ ತಲೆಸುತ್ತು, ವಾಕರಿಕೆ ಉಂಟಾಗುತ್ತದೆ. ಅಂಥವರು ತಮ್ಮ ಸಾಧನದಲ್ಲಿ ಚಲನೆಯನ್ನು ಕಡಿಮೆ ಮಾಡುವ ಆಯ್ಕೆಯನ್ನು ಒತ್ತಿರುತ್ತಾರೆ, ಬ್ರೌಸರ್ ಅದನ್ನು ನಿಮ್ಮ ಸಿಎಸ್‌ಎಸ್‌ಗೆ ತಿಳಿಸುತ್ತದೆ. ಆ ಸಂದರ್ಭದಲ್ಲಿ ಜಾರುವಿಕೆ, ಹಿಗ್ಗುವಿಕೆ, ಓಲಾಟಗಳನ್ನು ತೆಗೆದು, ಬದಲಾವಣೆಯನ್ನು ಮೆಲ್ಲಗೆ ಮೂಡುವ ಇಲ್ಲವೇ ಮರೆಯಾಗುವ ಚಿಕ್ಕದೊಂದು ಫೇಡ್‌ನಿಂದ ಸೂಚಿಸಿ; ಈ ಪರ್ಯಾಯವನ್ನು ಮೂಲ ಚಲನೆಯೊಂದಿಗೇ ಬರೆದು, ಎರಡನ್ನೂ ಒಟ್ಟಿಗೆ ಪರೀಕ್ಷಿಸಿ.